ಎಐನಲ್ಲಿ ಎಂ.ಟೆಕ್. ಮಾಡಲಾ?

ಮಂಡ್ಯದಿಂದ ಓದುಗರೊಬ್ಬರು ಬರೆದಿದ್ದಾರೆ. ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿದಿದೆ. ಅಪ್ಪ ಕಬ್ಬು ಬೆಳೆಯುತ್ತಾರೆ. ಕಬ್ಬಿನ ಎಲೆಯ ಫೋಟೋ ನೋಡಿ ತುಕ್ಕು ರೋಗ ಗುರುತಿಸುವ ಪ್ರಾಜೆಕ್ಟ್ ಮಾಡಿದ್ದರಂತೆ, ಫಲಿತಾಂಶ ನೂರಕ್ಕೆ ನೂರರ ಹತ್ತಿರ ಬಂತಂತೆ. ಈಗ ಆರ್ಟಿಫಿಶಿಯಲ್ ಇಂಟೆಲಿಜೆನ್ಸ್‌ನಲ್ಲಿ ಎಂ.ಟೆಕ್. ಮಾಡುವ ಆಸೆ. ಆದರೆ ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮೀಡಿಯಂ, ಗಣಿತ ಅಂದರೆ ಅಳುಕು, ಫೀಸಿಗೆ ಸಾಲ ಮಾಡಬೇಕು. “ಎರಡು ವರ್ಷ ಓದಿ ಹೊರಗೆ ಬರುವಷ್ಟರಲ್ಲಿ ನಮ್ಮ ಕೆಲಸವನ್ನೂ ಎಐ ಮಾಡಿಬಿಟ್ಟರೆ ಏನು ಗತಿ ಸಾರ್?” ಅಂತ ಕೇಳಿದ್ದಾರೆ.

ಪ್ರೀತಿಯ ತಂಗಿ,

ಓದಿ. ಆದರೆ ಯಾತಕ್ಕೆ ಓದುತ್ತೀರಿ ಅನ್ನೋದು ಮೊದಲು ನಿಮಗೆ ಗೊತ್ತಿರಲಿ. ಮಾಡೆಲ್, ಅಂದರೆ ಉದಾಹರಣೆಗಳಿಂದ ಕಲಿತು ಉತ್ತರ ಹೇಳುವ ಪ್ರೋಗ್ರಾಂ, ಅದನ್ನು ಓಡಿಸೋದು ಕಲಿತರೆ ಸಾಕು ಅನ್ನೋದಾದರೆ ಎಂ.ಟೆಕ್. ಬೇಕಿಲ್ಲ. ಎನ್‌ಪಿಟಿಇಎಲ್ ಅನ್ನೋ ಆನ್‌ಲೈನ್ ತಾಣದಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಪುಕ್ಕಟೆ ಸಿಗುತ್ತದೆ, ಸರ್ಟಿಫಿಕೇಟ್ ಬೇಕು ಅಂದಾಗ ಮಾತ್ರ ಪರೀಕ್ಷೆ ಫೀಸು. ಎಂ.ಟೆಕ್. ಬೇಕಾಗೋದು, ಓಡಿದ ಮಾಡೆಲ್ ಎಲ್ಲಿ ತಪ್ಪುತ್ತದೆ, ಯಾಕೆ ತಪ್ಪುತ್ತದೆ ಅಂತ ಹುಡುಕೋದಕ್ಕೆ.

ನಿಮ್ಮ ಪ್ರಾಜೆಕ್ಟನ್ನೇ ತಗೊಳ್ಳೋಣ. 2016ರಲ್ಲಿ ಇದೇ ವಿಷಯದ ಒಂದು ಸಂಶೋಧನೆ ಬಂತು. ಪ್ಲಾಂಟ್‌ವಿಲೇಜ್ ಅನ್ನೋ ಸಂಗ್ರಹದಿಂದ 54,306 ಎಲೆಗಳ ಫೋಟೋ, 14 ಬೆಳೆ, 26 ರೋಗ. ಅದೇ ಸಂಗ್ರಹದಲ್ಲಿ ಬೇರೆ ತೆಗೆದಿಟ್ಟ ಫೋಟೋ ಕೊಟ್ಟಾಗ ಮಾಡೆಲ್ ಶೇ. 99.35ರಷ್ಟು ಸರಿ ಹೇಳಿತು. ಬೇರೆ ಪರಿಸ್ಥಿತಿಯಲ್ಲಿ ತೆಗೆದ ಫೋಟೋ ಕೊಟ್ಟಾಗ? ಶೇ. 31ರ ಆಸುಪಾಸಿಗೆ ಬಿತ್ತು. ಅದನ್ನು ಆ ಸಂಶೋಧಕರೇ ಬರೆದಿದ್ದಾರೆ. ಸಂಗ್ರಹದ ಫೋಟೋಗಳಲ್ಲಿ ಎಲೆ ಒಂದೇ ಬಣ್ಣದ ಹಿನ್ನೆಲೆ ಮೇಲೆ ಒಂಟಿಯಾಗಿ ಮಲಗಿರುತ್ತದೆ, ಗದ್ದೆಯಲ್ಲಿ ಹಾಗಿರುತ್ತಾ? ಬಿಸಿಲು, ನೆರಳು, ಕೆಸರು, ಅಡ್ಡ ಬಂದ ಪಕ್ಕದ ಎಲೆ, ಫೋಟೋ ತೆಗೆದವರ ಬೆರಳು, ಎಲ್ಲಾ ಸೇರಿರುತ್ತದೆ.

ಈಗ ಹೇಳಿ, ನಿಮ್ಮ ಫೋಟೋಗಳು ಎಷ್ಟು ಗದ್ದೆಯವು? ಒಂದೇ ಗದ್ದೆಯವಾಗಿದ್ದು, ಒಂದೇ ಎಲೆಯ ಎರಡು ಫೋಟೋಗಳಲ್ಲಿ ಒಂದು ಕಲಿಸೋದಕ್ಕೂ ಇನ್ನೊಂದು ಪರೀಕ್ಷೆಗೂ ಹೋಗಿದ್ದರೆ, ಮಾಡೆಲ್ ಕಲಿತಿದ್ದು ರೋಗವನ್ನೋ ಆ ಗದ್ದೆಯನ್ನೋ ಹೇಳೋಕಾಗಲ್ಲ. ಪಾಂಡವಪುರದ ಕಡೆ ತೆಗೆದ ಫೋಟೋದಲ್ಲಿ ಕಲಿಸಿ, ಮದ್ದೂರಿನ ಕಡೆ ತೆಗೆದದ್ದರಲ್ಲಿ ಪರೀಕ್ಷೆ ಮಾಡಿ ನೋಡಿ. ಅಂಕಿ ಬಿದ್ದರೆ ಬೇಜಾರಾಗಬೇಡಿ. ಯಾಕೆ ಬಿತ್ತು ಅಂತ ತಲೆ ಕೆಡಿಸಿಕೊಳ್ಳಬೇಕು ಅನ್ನಿಸಿದರೆ ಎಂ.ಟೆಕ್. ನಿಮಗೇ ಇರೋದು.

ಅದಕ್ಕೆ ಗಣಿತ ಬೇಕೇ ಬೇಕು. ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಕ್ಯಾಲ್ಕುಲಸ್, ಮೂರೂ. ನೀವು ಬಿ.ಇ.ಯಲ್ಲಿ ಪಾಸು ಮಾಡಿದ್ದೀರಿ, ಆದರೆ ಪಾಸು ಮಾಡೋದೇ ಬೇರೆ, ಕೈಗೆ ಹತ್ತೋದೇ ಬೇರೆ. ಸಿದ್ಧ ಕೋಡಿನ ಲೈಬ್ರರಿ ಮುಟ್ಟದೆ, ನಾಲ್ಕು ಬಿಂದುಗಳ ನಡುವೆ ಒಂದು ಗೆರೆ ಕೂರಿಸುವ ಗ್ರೇಡಿಯೆಂಟ್ ಡಿಸೆಂಟನ್ನು, ಅಂದರೆ ತಪ್ಪನ್ನು ಹೆಜ್ಜೆ ಹೆಜ್ಜೆಗೆ ಕಡಿಮೆ ಮಾಡುತ್ತಾ ಹೋಗುವ ವಿಧಾನವನ್ನು, ಕಾಗದದ ಮೇಲೆ ಲೆಕ್ಕ ಹಾಕಿ. ತಪ್ಪು ಎಷ್ಟಿತ್ತು, ಒಂದು ಹೆಜ್ಜೆ ಆದಮೇಲೆ ಎಷ್ಟಾಯಿತು, ಹೆಜ್ಜೆ ದೊಡ್ಡದಾದರೆ ಏನಾಯಿತು, ಎಲ್ಲಾ ಕಣ್ಣೆದುರಿಗೇ ಕಾಣುತ್ತದೆ. ಅಳುಕು ಅಲ್ಲಿ ಅರ್ಧ ಹೋಗುತ್ತದೆ.

ಕನ್ನಡ ಮೀಡಿಯಂ ವಿಚಾರ. ಸಂಶೋಧನಾ ಲೇಖನಗಳೆಲ್ಲ ಇಂಗ್ಲಿಷಿನಲ್ಲೇ, ಮೊದಲ ಸೆಮಿಸ್ಟರ್ ಓದು ನಿಧಾನ ಆಗಬಹುದು. ಆಗಲಿ. ಆದರೆ ಕನ್ನಡ ಚೆನ್ನಾಗಿ ಬಲ್ಲವರಿಗೆ ಇಲ್ಲಿ ಮಾಡೋ ಕೆಲಸ ಬೇಕಾದಷ್ಟಿದೆ. ಮಂಡ್ಯ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ 6 ಬೈಟು ಜಾಗ. ಕನ್ನಡದಲ್ಲಿ ಬರೆದರೆ 15. ಇಂಥದ್ದು ಮತ್ತು ತರಬೇತಿಗೆ ಕನ್ನಡದ ಬರಹ ಕಡಿಮೆ ಸಿಗೋದು ಎರಡೂ ಸೇರಿ, ಎಷ್ಟೋ ಭಾಷಾ ಮಾಡೆಲ್‌ಗಳು ನಮ್ಮ ಪದಗಳನ್ನು ಜಾಸ್ತಿ ಚೂರು ಮಾಡುತ್ತವೆ. ಚೂರು ಹೆಚ್ಚಾದಷ್ಟೂ ಖರ್ಚೂ ಜಾಸ್ತಿ, ತಪ್ಪೂ ಜಾಸ್ತಿ. ಮೈಸೂರಿನ ಮಾನಸಗಂಗೋತ್ರಿಗೆ ಒಂದು ಸಲ ಬನ್ನಿ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೆ, ಕನ್ನಡದ ಪಠ್ಯ, ಧ್ವನಿ ಎರಡರ ಸಂಗ್ರಹವೂ ಅಲ್ಲಿ ತಯಾರಾಗಿದೆ. 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಇರುವುದೂ ಅಲ್ಲೇ. ಮಾತು ತಡವರಿಸುವವರ ಕನ್ನಡವನ್ನು ಮೆಷಿನ್ ಅರ್ಥ ಮಾಡಿಕೊಳ್ಳುವ ಹಾಗೆ ಮಾಡೋದು ಎಂಥ ಒಳ್ಳೆ ಥೀಸಿಸ್ ಆಗುತ್ತೆ, ಯೋಚಿಸಿ.

ಕೆಲಸ ಹೋಗುತ್ತಾ ಅಂತ ಕೇಳಿದಿರಿ. ಬರೀ ಕೋಡ್ ಬರೆಯೋ ಕೆಲಸ ಈಗಾಗಲೇ ಬದಲಾಗುತ್ತಿದೆ, ಆ ಭಯ ಸುಳ್ಳಲ್ಲ. ಇವತ್ತು ಕಲಿತ ಟೂಲ್ ಎರಡು ವರ್ಷಕ್ಕೆ ಹಳೇದಾಗುತ್ತದೆ. ಆದರೆ ಈ ಮಾಡೆಲ್‌ಗಳ ಒಳಗಿರುವ ನ್ಯೂರಲ್ ನೆಟ್‌ವರ್ಕಿಗೆ ಕಲಿಸುವ ಬ್ಯಾಕ್‌ಪ್ರೊಪಗೇಷನ್ ವಿಧಾನ ಹೆಸರಾಗಿದ್ದು 1986ರಲ್ಲಿ. 2017ರಲ್ಲಿ ಟ್ರಾನ್ಸ್‌ಫಾರ್ಮರ್ ಅನ್ನೋ ಹೊಸ ಬಗೆಯ ನೆಟ್‌ವರ್ಕ್ ಬಂದು ಎಲ್ಲಾ ತಿರುವುಮುರುವು ಆದಮೇಲೂ ಅದೇ ನಡೆಯುತ್ತಿದೆ. ನಿಮ್ಮ ಎರಡು ವರ್ಷವನ್ನು ಅಂಥದ್ದರ ಮೇಲೆ ಹಾಕಿ.

ಇನ್ನು ದುಡ್ಡು. ಸಾಲಕ್ಕೆ ಮುಂಚೆ ಎಂ.ಟೆಕ್. ಪ್ರವೇಶದ ರಾಷ್ಟ್ರಮಟ್ಟದ ಪರೀಕ್ಷೆ ಗೇಟ್ ಬರೆಯಿರಿ. 2024ರಿಂದ ಡೇಟಾ ಸೈನ್ಸ್ ಮತ್ತು ಎಐಗೇ ಒಂದು ಪೇಪರ್ ಇದೆ, ಅದರಲ್ಲಿ ಈ ಗಣಿತವೇ ದೊಡ್ಡ ಪಾಲು. ಸ್ಕೋರು ಮೂರು ವರ್ಷ ನಡೆಯುತ್ತದೆ. ಗೇಟ್ ಮೇಲೆ ಫುಲ್ ಟೈಮ್ ಎಂ.ಟೆಕ್. ಸೇರಿದವರಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಕೊಡುವ ಸ್ಟೈಪೆಂಡ್ ತಿಂಗಳಿಗೆ 12,400 ರೂಪಾಯಿ. ಗೇಟ್ ಕೈ ಕೊಟ್ಟರೆ ನಮ್ಮ ರಾಜ್ಯದ ಕಾಲೇಜುಗಳಿಗೆ ಪಿಜಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಇದ್ದೇ ಇದೆ. ಕೋರ್ಸಿನ ಹೆಸರಿನಲ್ಲಿ ಎಐ ಇರಲೇಬೇಕು ಅಂತೇನೂ ಇಲ್ಲ, ಕಂಪ್ಯೂಟರ್ ಸೈನ್ಸ್ ಎಂ.ಟೆಕ್. ಆದರೂ ಸರಿ. ಥೀಸಿಸ್‌ಗೆ ಗೈಡ್ ಯಾರು, ಅವರ ಕೈಕೆಳಗೆ ಹಿಂದಿನ ವರ್ಷ ಓದಿದವರು ಏನು ಮಾಡಿದರು, ಮಾಡೆಲ್‌ಗೆ ಕಲಿಸೋಕೆ ಬೇಕಾದ ಜಿಪಿಯು ಚಿಪ್ ಲ್ಯಾಬಿನಲ್ಲಿ ವಿದ್ಯಾರ್ಥಿಗಳ ಕೈಗೆ ಸಿಗುತ್ತಾ ಅಂತ ಸೀನಿಯರ್‌ಗಳನ್ನು ಹಿಡಿದು ಕೇಳಿ. ಇದಕ್ಕೆ ಉತ್ತರ ಸಿಗದ ಕಡೆ ಲಕ್ಷಗಟ್ಟಲೆ ಕಟ್ಟಬೇಡಿ.

ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ಶುರುವಾಗುತ್ತದೆ, ಪರೀಕ್ಷೆ ಫೆಬ್ರವರಿಯಲ್ಲಿ, ಫಲಿತಾಂಶ ಮಾರ್ಚಿನಲ್ಲಿ. ಅಪ್ಪನ ಹತ್ತಿರ ಸಾಲದ ಮಾತು ಎತ್ತುವುದು ಅಲ್ಲಿಯವರೆಗೆ ಬೇಡ.

— ಸಂ.