ಪ್ಯಾರಿಷ್ ಕೌನ್ಸಿಲ್‌ಗೆ ಹೊಸದಾಗಿ ಆಯ್ಕೆಯಾಗಿದ್ದೇನೆ, ಈ ಕೋಡ್ ಆಫ್ ಕಾಂಡಕ್ಟ್‌ನಲ್ಲಿ ನಿಜವಾಗಿ ಮುಖ್ಯವಾದದ್ದು ಯಾವುದು?

ನೀವು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿದ್ದೀರಿ, ಅಲ್ಲಿನ ಸ್ಥಳೀಯ ಆಡಳಿತದ ಅತಿ ಕೆಳ ಹಂತವಾದ ಪ್ಯಾರಿಷ್ ಕೌನ್ಸಿಲ್‌ಗೆ ಅವಿರೋಧವಾಗಿ ಆಯ್ಕೆಯಾಗಿದ್ದೀರಿ. ಕೌನ್ಸಿಲ್‌ನ ಆಡಳಿತ ನೋಡಿಕೊಳ್ಳುವ ನೌಕರರಾದ ಕ್ಲರ್ಕ್ ನಿಮಗೆ ಒಂದು ನಡತೆ ಸಂಹಿತೆ (ಕೋಡ್ ಆಫ್ ಕಾಂಡಕ್ಟ್), ಜೊತೆಗೆ ಆಸ್ತಿ ಮತ್ತು ಹಿತಾಸಕ್ತಿಗಳ ಫಾರ್ಮ್ ಕಳಿಸಿದ್ದಾರೆ. "ಸಂಬಳ ಇಲ್ಲ, ದೊಡ್ಡ ಅಧಿಕಾರ ಇಲ್ಲ, ಲಂಚ ತಿನ್ನೋಕಂತೂ ನಾನು ಬಂದಿಲ್ಲ. ಇಷ್ಟೆಲ್ಲ ಯಾಕೆ ಬೇಕು?" ಅಂತ ಕೇಳಿದ್ದೀರಿ.

ಮೊದಲು ನಿಮಗೆ ಅಭಿನಂದನೆ. ಇಂಥದ್ದೇ ಒಂದು ಕೌನ್ಸಿಲ್‌ನಲ್ಲಿ ನಾನು ಎರಡು ಅವಧಿ, ಅಂದರೆ ಎಂಟು ವರ್ಷ ಇದ್ದೆ. ಸೇರಿದಾಗ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ಈಗ ನನಗೆ ಅನಿಸುವುದು ಇಷ್ಟು: ಈ ನಿಯಮಗಳನ್ನು ಮಾಡಿರುವುದು ಕಳ್ಳರನ್ನು ಹಿಡಿಯುವುದಕ್ಕಿಂತ ಜಾಸ್ತಿ, ಒಳ್ಳೆಯವರಿಗಾಗಿ. ತನ್ನ ಲಾಭ ಎಲ್ಲಿ ಅಡಗಿದೆ ಅಂತ ಒಳ್ಳೆಯ ಮನುಷ್ಯನಿಗೇ ಬೇಗ ಕಾಣುವುದಿಲ್ಲ. ನನಗೆ ಕಾಣಲಿಲ್ಲ.

ನಾನು ಸೇರಿದ ಎರಡನೇ ವರ್ಷದ ಮಾತು. ನವೆಂಬರ್ ತಿಂಗಳ ಸಭೆ. ಅಲಾಟ್‌ಮೆಂಟ್ ಬಾಡಿಗೆ ಏರಿಸುವ ವಿಷಯ ಅಜೆಂಡಾದಲ್ಲಿತ್ತು. ತರಕಾರಿ ಬೆಳೆದುಕೊಳ್ಳಲು ಕೌನ್ಸಿಲ್ ಬಾಡಿಗೆಗೆ ಕೊಡುವ ಸಣ್ಣ ಸಣ್ಣ ತುಂಡು ಜಮೀನು ಅದು, ನಿಮ್ಮಲ್ಲೂ ಇರಬಹುದು. ನಾನು ಕೈ ಎತ್ತಿದೆ. "ಬಾಡಿಗೆ ಏರಿಸಿದರೆ ವಯಸ್ಸಾದವರಿಗೆ ಕಷ್ಟ ಆಗುತ್ತೆ" ಅಂದೆ. ಮನಸಾರೆ ಹೇಳಿದ ಮಾತು ಅದು. ಮುಂದಿನ ವಾಕ್ಯ ಶುರು ಮಾಡುವ ಮೊದಲೇ ಕ್ಲರ್ಕ್ ಪೆನ್ ಕೆಳಗಿಟ್ಟು, "ಚೇರ್ಮನ್, ಒಂದು ನಿಮಿಷ" ಅಂದರು. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು, "ನಿಮ್ಮ ಮನೆಯವರ ಹೆಸರಿನಲ್ಲಿ ಒಂದು ಪ್ಲಾಟ್ ಇದೆ ಅಲ್ವಾ?"

ಇತ್ತು. ನಮ್ಮ ಯಜಮಾನರು ಮೂರು ವರ್ಷದಿಂದ ಅಲ್ಲಿ ಗೇಯುತ್ತಿದ್ದರು. ಫಾರ್ಮ್‌ನಲ್ಲಿ ಗಂಡನ ಜಮೀನಿನ ಕಾಲಂ ಇದ್ದರೂ ನಾನು ಅದನ್ನು ಬರೆದಿರಲಿಲ್ಲ. ಬಾಡಿಗೆಯ ಒಂದು ಪಟ್ಟಿ ನೆಲವನ್ನು ಯಾರಾದರೂ "ಆಸ್ತಿ" ಅಂತಾರಾ ಅಂದುಕೊಂಡಿದ್ದೆ. ಕಾನೂನಿನ ಲೆಕ್ಕದಲ್ಲಿ ಅದೂ ಸೇರುತ್ತದೆ. ಬಾಡಿಗೆ ಏರಿದರೆ ನಮ್ಮ ಜೇಬಿನಿಂದಲೇ ದುಡ್ಡು ಹೋಗುತ್ತಿತ್ತು. ನಾನು ಮಾತಾಡುತ್ತಿದ್ದದ್ದು ವಯಸ್ಸಾದವರ ಪರವಾಗಿ ಅಂತ ನಾನು ನಂಬಿದ್ದೆ. ಆದರೆ ಹಿಂದಿನ ಸಾಲಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ಪ್ಲಾಟ್‌ಗಾಗಿ ಎರಡು ವರ್ಷದಿಂದ ಕಾಯುವವರ ಪಟ್ಟಿಯಲ್ಲಿದ್ದವರು. ಅವರು ಯಾಕೆ ನಂಬಬೇಕು?

ಸಭೆಗೆ ವಿಷಯ ಹೇಳಿ ನಾನು ಎದ್ದು ಹೊರಗೆ ಹೋದೆ. ಹಾಲ್‌ನ ಹೊರಗಿನ ಪ್ಯಾಸೇಜ್‌ನಲ್ಲಿ ನಿಂತಿದ್ದೆ. ಒಳಗಿನ ಮಾತು ಕೇಳುತ್ತಿತ್ತು, ಶಬ್ದ ಸ್ಪಷ್ಟ ಇರಲಿಲ್ಲ. ತುಂಬಾ ನಾಚಿಕೆಯಾಗಿತ್ತು. ಆ ತಿಂಗಳ ನಡಾವಳಿಯಲ್ಲಿ ಒಂದೇ ಸಾಲು ಬಂತು: ಸದಸ್ಯರು 7.48ಕ್ಕೆ ಹೊರಹೋದರು, 8.05ಕ್ಕೆ ಮರಳಿದರು. ಬಾಡಿಗೆ ಏರಿತು. ಏರಬಾರದು ಅಂತಲೇ ನನಗಿತ್ತು. ಆದರೆ ಆ ನಿರ್ಧಾರದ ಮೇಲೆ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ.

ಇದರ ಹಿಂದಿನ ಕಾನೂನು ಕಷ್ಟದ್ದೇನಲ್ಲ. 2011ರ ಲೋಕಲಿಸಂ ಆಕ್ಟ್ ಪ್ರಕಾರ ನಿಮ್ಮ ಕೆಲಸ, ವ್ಯಾಪಾರ, ಚುನಾವಣಾ ಖರ್ಚಿಗೆ ಯಾರಾದರೂ ಕೊಟ್ಟ ದುಡ್ಡು, ಕೌನ್ಸಿಲ್ ಜೊತೆಗಿನ ಗುತ್ತಿಗೆ, ಆ ಪ್ಯಾರಿಷ್‌ನೊಳಗಿನ ಮನೆ ಮತ್ತು ಜಮೀನು, ಕೆಲವು ಷೇರು, ಇವನ್ನು ಬರೆದುಕೊಡಬೇಕು. ಇವಕ್ಕೆ ಡಿಸ್‌ಕ್ಲೋಸಬಲ್ ಪೆಕ್ಯುನಿಯರಿ ಇಂಟರೆಸ್ಟ್, ಅಂದರೆ ಬಹಿರಂಗಪಡಿಸಲೇಬೇಕಾದ ಹಣದ ಹಿತಾಸಕ್ತಿ ಅಂತ ಹೆಸರು. ಎಲ್ಲರೂ ಡಿಪಿಐ ಅಂತಾರೆ. ಗಂಡ, ಹೆಂಡತಿ ಅಥವಾ ಜೊತೆಯಲ್ಲಿ ಬಾಳುವ ಸಂಗಾತಿಯದ್ದು ನಿಮಗೆ ಗೊತ್ತಿದ್ದರೆ ಅದೂ ನಿಮ್ಮದೇ ಲೆಕ್ಕ. ಸದಸ್ಯರಾದ 28 ದಿನದೊಳಗೆ ಇದು ನಿಮ್ಮ ಮೇಲಿನ ಜಿಲ್ಲಾ ಅಥವಾ ಯೂನಿಟರಿ (ಜಿಲ್ಲೆ, ಕೌಂಟಿ ಎರಡರ ಕೆಲಸವನ್ನೂ ಮಾಡುವ) ಕೌನ್ಸಿಲ್‌ನಲ್ಲಿ ಸದಸ್ಯರ ನಡತೆಯ ವಿಷಯ ನೋಡಿಕೊಳ್ಳುವ ಮಾನಿಟರಿಂಗ್ ಆಫೀಸರ್‌ಗೆ ತಲುಪಬೇಕು. ಅಂಥ ವಿಷಯ ಸಭೆಗೆ ಬಂದಾಗ ಚರ್ಚೆಯಲ್ಲೂ ಸೇರಬಾರದು, ಮತವನ್ನೂ ಹಾಕಬಾರದು. ಕೋಣೆ ಬಿಟ್ಟು ಹೋಗಬೇಕು ಅಂತ ಹೆಚ್ಚಿನ ಕೌನ್ಸಿಲ್‌ಗಳ ಸ್ವಂತ ನಿಯಮ ಹೇಳುತ್ತದೆ. ನಿಮ್ಮ ಕೌನ್ಸಿಲ್ ಹೇಳದೇ ಇದ್ದರೂ ಹೋಗಿಬಿಡಿ. ನೀವು ಎದುರಿಗೇ ಕೂತಿದ್ದರೆ ಜೊತೆಯವರು ನಿಮ್ಮ ಮುಖ ನೋಡಿಕೊಂಡು ಹೇಗೆ ತೀರ್ಮಾನ ಮಾಡ್ತಾರೆ ಹೇಳಿ?

ಸರಿಯಾದ ಕಾರಣವಿಲ್ಲದೆ ಇದನ್ನು ಮುರಿಯುವುದು ಕ್ರಿಮಿನಲ್ ಅಪರಾಧ. ದಂಡ ಇದೆ, ಐದು ವರ್ಷದವರೆಗೆ ಅನರ್ಹಗೊಳಿಸುವ ಅಧಿಕಾರವೂ ಕೋರ್ಟ್‌ಗಿದೆ. ಹೆದರಿಸೋಕೆ ಹೇಳುತ್ತಿಲ್ಲ. ಫಾರ್ಮ್ ಅನ್ನು ಸುಮ್ನೆ ಕಾಟಾಚಾರಕ್ಕೆ ತುಂಬಬೇಡಿ ಅಂತ ಅಷ್ಟೇ. ನೀವು ಬರೆದುಕೊಟ್ಟದ್ದು ಸೇರುವ ರಿಜಿಸ್ಟರ್ ಸಾರ್ವಜನಿಕ, ಯಾರು ಬೇಕಾದರೂ ನೋಡಬಹುದು. ಮನೆ ವಿಳಾಸ ಹೊರಗೆ ಬಂದರೆ ನಿಮಗೋ ನಿಮ್ಮ ಮನೆಯವರಿಗೋ ಹಿಂಸೆಯ ಅಪಾಯ ಇದೆ ಅನಿಸಿದರೆ ಮಾನಿಟರಿಂಗ್ ಆಫೀಸರ್ ಹತ್ತಿರ ಮಾತಾಡಿ. ಅದನ್ನು ಪ್ರಕಟಿಸದೆ ಇಡಲು ದಾರಿಯಿದೆ. ತೀರಾ ಹೆಚ್ಚು ಸದಸ್ಯರು ಹೊರಗೆ ಹೋಗಿ ಸಭೆಯೇ ನಡೆಯದ ಹಾಗಾದರೆ ವಿನಾಯಿತಿ ಕೇಳುವುದಕ್ಕೂ ಅವಕಾಶ ಇದೆ. ಲಿಖಿತವಾಗಿ ಕೇಳಬೇಕು, ಸಭೆಗೆ ಮೊದಲೇ ಕೇಳಬೇಕು.

ಇನ್ನೊಂದು ಮಾತು. ಕಾನೂನು ಅಣ್ಣ, ತಂಗಿ, ಅಪ್ಪ, ಅಮ್ಮ, ಗೆಳೆಯರನ್ನು ಡಿಪಿಐಗೆ ಸೇರಿಸಿಲ್ಲ. ಆದರೆ ಸ್ಥಳೀಯ ಕೌನ್ಸಿಲ್‌ಗಳ ಒಕ್ಕೂಟವಾದ ಲೋಕಲ್ ಗವರ್ನಮೆಂಟ್ ಅಸೋಸಿಯೇಷನ್ 2020ರಲ್ಲಿ ತಂದ ಮಾದರಿ ಸಂಹಿತೆ ಅವರನ್ನೂ ಒಳಗೆ ತರುತ್ತದೆ. ನಿಮ್ಮ ಕೌನ್ಸಿಲ್ ಅದನ್ನು ಒಪ್ಪಿಕೊಂಡಿದೆಯಾ ಅಂತ ಕ್ಲರ್ಕ್‌ನ ಕೇಳಿ. ನಾನಂತೂ ಒಂದು ಅಭ್ಯಾಸ ಮಾಡಿಕೊಂಡಿದ್ದೆ. ಅಜೆಂಡಾ ಕೈಗೆ ಬಂದ ದಿನವೇ ಒಂದೊಂದು ವಿಷಯದ ಮುಂದೆ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೆ: ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ, ಅವರಲ್ಲಿ ನನ್ನವರು ಇದ್ದಾರಾ? ಹತ್ತು ನಿಮಿಷದ ಕೆಲಸ. ಸಂಶಯ ಬಂದರೆ ಅವತ್ತೇ ಕ್ಲರ್ಕ್‌ಗೆ ಇಮೇಲ್. ಸಭೆಯಲ್ಲಿ ಕೂತ ಮೇಲೆ ಯೋಚಿಸಿದರೆ ನನ್ನ ಗತಿಯೇ ಆಗುತ್ತದೆ.

ಸಂಹಿತೆಯ ಮೊದಲ ಪುಟದಲ್ಲಿ ಏಳು ತತ್ವಗಳಿರುತ್ತವೆ. ನೋಲನ್ ತತ್ವಗಳು ಅಂತಾರೆ. 1994ರಲ್ಲಿ ಪ್ರಧಾನಿ ಜಾನ್ ಮೇಜರ್ ಒಂದು ಸಮಿತಿ ಮಾಡಿದರು. ದುಡ್ಡು ತೆಗೆದುಕೊಂಡು ಪಾರ್ಲಿಮೆಂಟ್‌ನಲ್ಲಿ ಪ್ರಶ್ನೆ ಕೇಳಿದರು ಅನ್ನುವ ಹಗರಣದ ಕಾಲ ಅದು. ಲಾರ್ಡ್ ನೋಲನ್ ಅದರ ಅಧ್ಯಕ್ಷರು. 1995ರಲ್ಲಿ ವರದಿ ಬಂತು. ಆ ಏಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ: ಸ್ವಂತ ಲಾಭ ನೋಡದಿರುವುದು, ಯಾರ ಹಂಗಿಗೂ ಬೀಳದಿರುವುದು, ಪಕ್ಷಪಾತ ಮಾಡದಿರುವುದು, ಮಾಡಿದ್ದಕ್ಕೆ ಲೆಕ್ಕ ಒಪ್ಪಿಸುವುದು, ಮುಚ್ಚುಮರೆ ಇಲ್ಲದಿರುವುದು, ಸತ್ಯ ಹೇಳುವುದು, ತಾನೇ ನಡೆದು ತೋರಿಸುವುದು. ಯಾವ ಕೌನ್ಸಿಲ್ ಯಾವ ಪದ ಬಳಸಿದರೂ ಅದರ ಸಂಹಿತೆ ಈ ಏಳಕ್ಕೆ ಹೊಂದಿಕೊಂಡಿರಲೇಬೇಕು ಅಂತ ಕಾನೂನು ಹೇಳುತ್ತದೆ. ನನಗೆ ಇವುಗಳಲ್ಲಿ ಎರಡನೆಯದು ತುಂಬಾ ಹಿಡಿಸುತ್ತದೆ. ಸಣ್ಣ ಊರಿನಲ್ಲಿ ಹಂಗು ದುಡ್ಡಿನ ರೂಪದಲ್ಲಿ ಬರುವುದು ಕಡಿಮೆ, ಉಪಕಾರದ ರೂಪದಲ್ಲೇ ಜಾಸ್ತಿ. ಉಡುಗೊರೆ ವಿಷಯದಲ್ಲಿ ಮಾದರಿ ಸಂಹಿತೆಯ ಲೆಕ್ಕ 50 ಪೌಂಡ್. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಬೆಲೆಯದ್ದಾದರೆ 28 ದಿನದೊಳಗೆ ತಿಳಿಸಬೇಕು.

ಹೊಸಬರು ಜಾಸ್ತಿ ಎಡವುವುದು ಇನ್ನೊಂದು ಕಡೆ. ಒಬ್ಬ ಸದಸ್ಯನಿಗೆ ಒಬ್ಬನೇ ಇದ್ದಾಗ ಯಾವ ಅಧಿಕಾರವೂ ಇಲ್ಲ. ನಿರ್ಧಾರ ಮಾಡುವುದು ಕೌನ್ಸಿಲ್, ಅದರ ಸಮಿತಿ, ಇಲ್ಲವೇ ಅಧಿಕಾರ ವಹಿಸಿಕೊಟ್ಟ ಕ್ಲರ್ಕ್. ಚೇರ್ಮನ್‌ಗೂ ಇದೇ ಮಾತು. ಆಟದ ಮೈದಾನದಲ್ಲಿ ಹುಲ್ಲು ಕತ್ತರಿಸುವವರನ್ನು ನಿಲ್ಲಿಸಿ "ಆ ಮೂಲೆಯನ್ನೂ ಮಾಡಿಬಿಡಿ, ನಾನು ಕೌನ್ಸಿಲರ್" ಅನ್ನುವ ಹಾಗಿಲ್ಲ. ಬಿಲ್ ಬಂದಾಗ ಆ ಮೂಲೆಯ ದುಡ್ಡು ಯಾರು ಕೊಡಬೇಕು ಅನ್ನುವ ಜಗಳ ನಾನು ಕಣ್ಣಾರೆ ನೋಡಿದ್ದೇನೆ. ಮೂಲೆ ಕತ್ತರಿಸಬೇಕು ಅನಿಸಿದರೆ ಅಜೆಂಡಾಗೆ ಹಾಕಿಸಿ.

ಈಗ ಕ್ಲರ್ಕ್ ವಿಷಯ. ಇಂಗ್ಲೆಂಡಿನಲ್ಲಿ ಸುಮಾರು 10,000 ಪ್ಯಾರಿಷ್ ಮತ್ತು ಟೌನ್ ಕೌನ್ಸಿಲ್‌ಗಳಿವೆ. ಸಣ್ಣ ಕೌನ್ಸಿಲ್ ಅಂದರೆ ಸಾಮಾನ್ಯವಾಗಿ ಅರ್ಧ ಹೊತ್ತು ಕೆಲಸ ಮಾಡುವ ಒಬ್ಬರೇ ಕ್ಲರ್ಕ್. ಎಷ್ಟೋ ಸಲ ಅವರ ಮನೆಯೇ ಆಫೀಸು. ಅವರ ಮೇಲೆ ಒಬ್ಬ ಸದಸ್ಯ ದನಿ ಏರಿಸಿದರೆ ಪಕ್ಕದ ಟೇಬಲ್‌ನಲ್ಲಿ ಸಮಾಧಾನ ಹೇಳೋಕೆ ಇನ್ನೊಬ್ಬ ನೌಕರ ಇರುವುದಿಲ್ಲ. ನಮ್ಮಲ್ಲಿ ಒಬ್ಬ ಸದಸ್ಯರು ರಾತ್ರಿ ಹನ್ನೊಂದಕ್ಕೆ ಇಮೇಲ್ ಕಳಿಸುತ್ತಿದ್ದರು. ಬೆಳಿಗ್ಗೆ ಏಳಕ್ಕೆ "ಇನ್ನೂ ಉತ್ತರ ಇಲ್ಲ" ಅಂತ ಎಲ್ಲರಿಗೂ ಕಾಪಿ ಹಾಕಿ ಇನ್ನೊಂದು. ಒಂದೊಂದು ಇಮೇಲ್ ನೋಡಿದರೆ ಅದರಲ್ಲಿ ತಪ್ಪೇ ಕಾಣುತ್ತಿರಲಿಲ್ಲ. ಒಂದು ವರ್ಷದ ಇಮೇಲ್ ಒಟ್ಟಿಗೆ ಇಟ್ಟಾಗ ಗೊತ್ತಾಯಿತು. ಅಷ್ಟರಲ್ಲಿ ಆ ಕ್ಲರ್ಕ್ ರಾಜೀನಾಮೆ ಕೊಟ್ಟಿದ್ದರು, ಆರೋಗ್ಯವೂ ಕೆಟ್ಟಿತ್ತು. ನಾವು ಉಳಿದ ಎಂಟು ಜನ ಆ ಕಾಪಿಗಳನ್ನು ಓದುತ್ತಾ ಸುಮ್ಮನಿದ್ದೆವು. ಇದು ನನಗೆ ಇವತ್ತಿಗೂ ನೋವಿನ ವಿಷಯ. ನಿಮ್ಮ ಇನ್‌ಬಾಕ್ಸ್‌ಗೆ ಅಂಥ ಕಾಪಿ ಬಂದರೆ ಅವತ್ತೇ ಬಾಯಿ ಬಿಡಿ. ಬೆದರಿಸಬಾರದು, ಎಲ್ಲರೊಂದಿಗೆ ಗೌರವದಿಂದ ನಡೆದುಕೊಳ್ಳಬೇಕು ಅಂತ ಸಂಹಿತೆ ಹೇಳುವುದು ಇದಕ್ಕೇ.

ಗೌರವ ಅಂದರೆ ವಿರೋಧ ಮಾಡಬಾರದು ಅಂತ ಅಲ್ಲ. ಪ್ರಸ್ತಾವವನ್ನು ಎಷ್ಟು ಗಟ್ಟಿಯಾಗಿ ಬೇಕಾದರೂ ಟೀಕಿಸಿ. ರಾಜಕೀಯ ಮಾತಿಗೆ ಇಲ್ಲಿನ ಕೋರ್ಟ್‌ಗಳು ತುಂಬಾ ರಕ್ಷಣೆ ಕೊಟ್ಟಿವೆ. ಚುನಾವಣೆಗೆ ಮೊದಲು "ಆ ರಸ್ತೆ ಬೇಡ" ಅಂದಿದ್ದರೆ ಈಗ ಮತ ಹಾಕಬಾರದಾ ಅಂತಲೂ ಕೆಲವರು ಹೆದರುತ್ತಾರೆ. ಹೆದರಬೇಡಿ. ಮೊದಲೇ ಅಭಿಪ್ರಾಯ ಹೇಳಿದ ಮಾತ್ರಕ್ಕೆ ಮನಸ್ಸು ಮುಚ್ಚಿಕೊಂಡಿದ್ದೀರಿ ಅಂತ ಅರ್ಥವಲ್ಲ ಎಂದು 2011ರ ಕಾನೂನಿನ 25ನೇ ಸೆಕ್ಷನ್ ಸ್ಪಷ್ಟವಾಗಿ ಹೇಳಿದೆ. ಸಭೆಗೆ ಬಂದು ಎಲ್ಲರ ಮಾತು ನಿಜವಾಗಿ ಕೇಳಬೇಕು, ಅಷ್ಟೇ.

ಫೇಸ್‌ಬುಕ್, ವಾಟ್ಸಾಪ್ ಗ್ರೂಪ್‌ಗಳಲ್ಲಿ ಹುಷಾರಾಗಿರಿ. ನಿಮ್ಮ ಸ್ವಂತ ಬದುಕಿಗೆ ಸಂಹಿತೆ ಅನ್ವಯಿಸುವುದಿಲ್ಲ. ಆದರೆ ಮಾದರಿ ಸಂಹಿತೆಯ ಪ್ರಕಾರ, ನೋಡುವವರಿಗೆ ನೀವು ಕೌನ್ಸಿಲರ್ ಆಗಿ ಮಾತಾಡುತ್ತಿದ್ದೀರಿ ಅನಿಸಿದರೆ ಅನ್ವಯಿಸುತ್ತದೆ. ಊರಿನ ಗ್ರೂಪ್‌ನಲ್ಲಿ ಗುಂಡಿ ಬಿದ್ದ ರಸ್ತೆಯ ಬಗ್ಗೆ ನೀವು ಬರೆದರೆ ಅದು ಕೌನ್ಸಿಲರ್ ಮಾತು ಅಂತಲೇ ಜನ ಓದುತ್ತಾರೆ.

ಯಾರಾದರೂ ತಪ್ಪು ಮಾಡಿದರೆ ಏನಾಗುತ್ತದೆ? ಇಲ್ಲಿ ನನಗೆ ನಿಜವಾಗಿ ಬೇಸರ ಇದೆ. 2012ರವರೆಗೆ ಸದಸ್ಯರ ನಡತೆಯ ದೂರು ನೋಡುವ ಸ್ಟ್ಯಾಂಡರ್ಡ್ಸ್ ಬೋರ್ಡ್ ವ್ಯವಸ್ಥೆ ಇತ್ತು, ಸದಸ್ಯರನ್ನು ಅಮಾನತು ಮಾಡಬಹುದಿತ್ತು, ಅನರ್ಹಗೊಳಿಸಬಹುದಿತ್ತು. ಸಣ್ಣಪುಟ್ಟ ಜಗಳದ ದೂರುಗಳೇ ಜಾಸ್ತಿ ಅನ್ನುವ ಟೀಕೆ ಅದರ ಮೇಲಿತ್ತು. ಅದನ್ನು ತೆಗೆದರು, ಅದರ ಜೊತೆ ಅಮಾನತಿನ ಅಧಿಕಾರವೂ ಹೋಯಿತು. ಆಮೇಲಿನ ವ್ಯವಸ್ಥೆಯಲ್ಲಿ ದೂರು ಮಾನಿಟರಿಂಗ್ ಆಫೀಸರ್‌ಗೆ ಹೋಗುತ್ತದೆ, ತನಿಖೆ ಆದರೆ ಇಂಡಿಪೆಂಡೆಂಟ್ ಪರ್ಸನ್ ಅನ್ನುವ ಹೊರಗಿನವರ ಅಭಿಪ್ರಾಯ ಕೇಳುತ್ತಾರೆ. ತಪ್ಪು ಸಾಬೀತಾದರೂ ಛೀಮಾರಿ, ತರಬೇತಿ, ಕ್ಷಮೆ ಕೇಳಿ ಅನ್ನುವ ಸಲಹೆ, ಸಮಿತಿಯಿಂದ ತೆಗೆಯುವುದು, ಇಷ್ಟೇ. ಪ್ಯಾರಿಷ್ ಕೌನ್ಸಿಲ್ ತಾನೇ ಬೇರೆ ದಾರಿಯಲ್ಲಿ ಶಿಕ್ಷೆ ಕೊಡುವ ಹಾಗೂ ಇಲ್ಲ. ಲೆಡ್‌ಬರಿ ಟೌನ್ ಕೌನ್ಸಿಲ್ ಸಿಬ್ಬಂದಿಯ ದೂರಿನ ನಿಯಮ ಬಳಸಿ ಒಬ್ಬ ಸದಸ್ಯೆಯ ಮೇಲೆ ನಿರ್ಬಂಧ ಹಾಕಿತ್ತು. 2018ರಲ್ಲಿ ಹೈಕೋರ್ಟ್ ಅದು ಸರಿಯಲ್ಲ ಅಂದಿತು.

ಆರು ತಿಂಗಳವರೆಗೆ ಅಮಾನತು ಮಾಡುವ ಅಧಿಕಾರ ಬೇಕು ಅಂತ ಕಮಿಟಿ ಆನ್ ಸ್ಟ್ಯಾಂಡರ್ಡ್ಸ್ ಇನ್ ಪಬ್ಲಿಕ್ ಲೈಫ್ (ನೋಲನ್ ಅಧ್ಯಕ್ಷರಾಗಿದ್ದ ಅದೇ ಸಮಿತಿ) 2019ರಲ್ಲೇ ಶಿಫಾರಸು ಮಾಡಿತು. 2024ರ ಡಿಸೆಂಬರ್‌ನಲ್ಲಿ ಸರ್ಕಾರ ಇದರ ಬಗ್ಗೆ ಜನರ ಅಭಿಪ್ರಾಯ ಕೇಳಿತು. ನನ್ನ ಮಟ್ಟಿಗೆ ಆ ಅಧಿಕಾರ ಬೇಕೇ ಬೇಕು. ಆ ಕ್ಲರ್ಕ್ ಬಿಟ್ಟು ಹೋದ ಮೇಲೂ ಇಮೇಲ್ ಕಳಿಸಿದವರು ಅದೇ ಕುರ್ಚಿಯಲ್ಲಿ ಕೂತಿದ್ದರು.

ನಿಮ್ಮ ಕೈಯಲ್ಲಿರುವ ಕೆಲಸ ಇಷ್ಟು. ಸದಸ್ಯ ಸ್ಥಾನ ಒಪ್ಪಿಕೊಳ್ಳುವ ಘೋಷಣೆಗೆ ಮೊದಲ ಸಭೆಯಲ್ಲೋ ಅದಕ್ಕೂ ಮೊದಲೋ ಸಹಿ ಹಾಕಿ. ಆರು ತಿಂಗಳು ಒಂದು ಸಭೆಗೂ ಬರದೆ, ಕೌನ್ಸಿಲ್‌ನ ಒಪ್ಪಿಗೆಯೂ ಇಲ್ಲದಿದ್ದರೆ ಸ್ಥಾನ ಹೋಗುತ್ತದೆ, ಭಾರತಕ್ಕೆ ದೀರ್ಘ ರಜೆ ಹೋಗುವಾಗ ನೆನಪಿರಲಿ. ಇವತ್ತು ರಾತ್ರಿ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಫಾರ್ಮ್ ತುಂಬಿ. ಒಂದೊಂದು ಕಾಲಂ ಓದಿ, ಅವರದ್ದೇನಿದೆ ಅಂತ ಅವರನ್ನೇ ಕೇಳಿ. ಅಲಾಟ್‌ಮೆಂಟ್ ಇದ್ದರೆ ಅದನ್ನೂ ಬರೆಯಿರಿ.