ಬಿಟ್ಟದ್ದು ಯಾವ ಮೀನು?

"ನಮ್ಮ ಗೆಳೆಯರ ಬಳಗ ಪ್ರತಿವರ್ಷ ಕಾವೇರಿಗೆ ಸಾವಿರಾರು ಮೀನುಮರಿ ಬಿಡುತ್ತದೆ. ನೀವೋ ಸಂಶೋಧನೆ, ಸಂಶೋಧನೆ ಎಂದು ಪುಟ ತುಂಬಿಸುತ್ತೀರಿ. ಜೀವಿಗಳು ಉಳಿಯುವುದು ಕೆಲಸದಿಂದಲೋ, ಕಾಗದದಿಂದಲೋ?"
– ಓದುಗರೊಬ್ಬರು, ಮಳವಳ್ಳಿ

ಸಂಪಾದಕರ ಉತ್ತರ: ಚೆನ್ನಾಗಿಯೇ ಕುಟುಕಿದ್ದೀರಿ. ಎಷ್ಟೋ ಸಂಶೋಧನೆ ಕಪಾಟಿನಲ್ಲೇ ಧೂಳು ತಿನ್ನುತ್ತದೆ, ಒಪ್ಪಿದೆ. ಬಳಗಕ್ಕೆ ಶಹಬ್ಬಾಸ್ ಕೂಡ. ಆದರೆ ಬಿಟ್ಟದ್ದು ಯಾವ ಮೀನು ಅಂತ ಬರೆದೇ ಇಲ್ಲವಲ್ಲ?

ನಿಮ್ಮ ತಾಲ್ಲೂಕಿನ ಭೀಮೇಶ್ವರಿ ಕಡೆಯ ಮಡುಗಳ ದೊಡ್ಡ ಮಹಶೀರ್ ಮೀನು ಗೊತ್ತಲ್ವಾ? ತಲೆಯ ಹಿಂದೆ ಗೂನು, ಕಿತ್ತಳೆ ಬಣ್ಣದ ರೆಕ್ಕೆ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು (ಹುಲಿ, ಚಿರತೆಗಳ ಚರ್ಮ ಹದ ಮಾಡುತ್ತಿದ್ದರಲ್ಲ, ಅವರೇ) 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಕೆಡವಿದ್ದು 120 ಪೌಂಡ್ ತೂಗಿತ್ತು. ಹೆಚ್ಚುಕಮ್ಮಿ 54 ಕೆ.ಜಿ.! ಆಳೆತ್ತರದ ಮೀನು ಅಂತ ಅಜ್ಜಂದಿರು ಹೇಳಿದರೆ ನಾವು ನಗುತ್ತಿದ್ದೆವು.

ಅದಕ್ಕೆ ಕುತ್ತು ತಂದದ್ದು ಅಣೆಕಟ್ಟು, ಮರಳು ದಂಧೆ, ಸಿಡಿಮದ್ದು. ಜೊತೆಗೆ ನಮ್ಮ ಒಳ್ಳೇತನ. ಮಹಶೀರ್ ಕಮ್ಮಿಯಾಗುತ್ತಿದೆ ಎಂದು 1970ರ ದಶಕದಿಂದ ಮರಿ ತಂದು ಹೊಳೆಗೆ ಬಿಟ್ಟರು. ಬಂದದ್ದು ಬೇರೆ ಜಾತಿ, ನೀಲಿ ರೆಕ್ಕೆಯದು. ಮಹಾರಾಷ್ಟ್ರದ ಲೋನಾವಳದಲ್ಲಿ ಮರಿ ಮಾಡಿಸಿದ್ದು. ಎರಡೂ ಮಹಶೀರೇ ತಾನೆ, ಯಾವುದಾದರೇನು ಅಂದುಕೊಂಡರು. ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ತಿರುವಿ ಹಾಕಿದಾಗ ಕಂಡದ್ದೇನು? ನೀಲಿಯದು ಏರಿದೆ, ಗೂನಿನದು ಇಳಿದಿದೆ. ಗೂನಿನದು ಟಾರ್ ರೆಮಾದೇವಿ ಎಂಬ ಜಾತಿ ಎಂದು ಖಚಿತವಾದದ್ದೇ 2018ರಲ್ಲಿ. ಆಮೇಲೆ ತಾನೆ ಅದು ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಕೆಂಪುಪಟ್ಟಿಯಲ್ಲಿ ಅಳಿವಿನ ಅಂಚಿಗೆ ಬಂದ ಜೀವಿಗಳ ಸಾಲು ಸೇರಿದ್ದು? ಯಾವ ಜಾತಿ ಎಂದೇ ತಿಳಿಯದ ಮೀನನ್ನು ಕಾಯುವುದಾದರೂ ಹೇಗೆ ಸ್ವಾಮಿ? ನೀವು ಹಂಗಿಸಿದ ಕಾಗದ ಇದೇ.

ನಮಗೆ ಬಿಡುವುದು, ನೆಡುವುದು ಅಂದರೆ ಭಾರಿ ಖುಷಿ. ಬಾವಿಗೆ ಸೊಳ್ಳೆಮರಿ ತಿನ್ನಲೆಂದು ಗಂಬೂಸಿಯಾ ಎಂಬ ಹೊರದೇಶದ ಮೀನು. ತೋಳ ಓಡಾಡುವ ಕುರುಚಲು ಬಯಲು ಕಂಡರೆ ಬೋಳು ಜಾಗ ಎಂದು ಸಸಿ ನೆಡಲು ಗುಂಡಿ ತೋಡುತ್ತೇವೆ. ಮೇಲುಕೋಟೆಯ ವನ್ಯಧಾಮ ಆದದ್ದೇ ತೋಳಕ್ಕಾಗಿ ಎಂಬುದು ಎಷ್ಟು ಜನಕ್ಕೆ ಗೊತ್ತು? ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಒಂದು ಸಂಸಾರ ಮನೆಯ ಅಕ್ವೇರಿಯಂನ ಸಕ್ಕರ್ ಮೀನನ್ನು (ಅದೂ ಹೊರದೇಶದ್ದೇ) ಪ್ಲಾಸ್ಟಿಕ್ ಕವರಿಂದ ಹೊಳೆಗೆ ಸುರಿಯುತ್ತಿತ್ತು. ಮಗು ಕೈ ಮುಗಿದಿತ್ತು, ಅಪ್ಪ ವಿಡಿಯೊ ಮಾಡುತ್ತಿದ್ದ. ಬೇಡ ಅಂದದ್ದಕ್ಕೆ ನನ್ನನ್ನೇ ಪುಣ್ಯಕ್ಕೆ ಅಡ್ಡ ಬಂದವನಂತೆ ನೋಡಿದರು. ಮರಿ ಬಿಡುವ ಸಮಾರಂಭಕ್ಕಾದರೆ ಶಾಮಿಯಾನ, ಹಾರ, ಗಣ್ಯರು. ಹೊಳೆಯಲ್ಲಿ ಏನಿದೆ ಎಂದು ನಾಲ್ಕು ವರ್ಷ ಲೆಕ್ಕ ಹಾಕಲು ಕಾಸು ಕೇಳಿ ನೋಡಿ, ಫೈಲು ಮೇಜು ಬಿಟ್ಟು ಅಲುಗುವುದಿಲ್ಲ.

ಮುಂದಿನ ಸಲ ಮರಿ ತರುವ ಮುಂಚೆ, ಯಾವ ಜಾತಿ, ಮೂಲ ಯಾವ ಹೊಳೆ ಎಂದು ಕೊಡುವವರನ್ನೇ ಕೇಳಿ. ಉತ್ತರ ಸಿಕ್ಕರೆ ಬರೆದು ಕಳಿಸಿ, ಅಚ್ಚು ಹಾಕುತ್ತೇನೆ.