ಮುಚ್ಚಿದ ಬಾಟಲಿಯೊಳಗೆ ಏನಿದೆಯೆಂದು ಲೇಸರ್‌ಗೆ ಹೇಗೆ ತಿಳಿಯುತ್ತದೆ?

ಪ್ರಶ್ನೆ: ವಿಮಾನ ನಿಲ್ದಾಣದ ಎಕ್ಸ್-ರೇ ಪರದೆಯಲ್ಲಿ ನನ್ನ ಚೀಲದ ವಸ್ತುಗಳು ಕಿತ್ತಳೆ, ಹಸಿರು, ನೀಲಿಯಾಗಿ ಕಂಡವು. ಆ ಬಣ್ಣದ ಒಂದು ವಸ್ತುವೂ ಚೀಲದಲ್ಲಿರಲಿಲ್ಲ. ಇದು ಹೇಗೆ?

ಉತ್ತರ: ಆ ಬಣ್ಣಗಳನ್ನು ಬಳಿದದ್ದು ಕಂಪ್ಯೂಟರ್. ಕ್ಷ-ಕಿರಣ ಕೊಡುವುದು ನೆರಳನ್ನು ಮಾತ್ರ. 1895ರಲ್ಲಿ, ಕ್ಷ-ಕಿರಣವನ್ನು ಕಂಡುಹಿಡಿದ ರಾಂಟ್‌ಜೆನ್ ತಮ್ಮ ಪತ್ನಿಯ ಕೈಯ ಚಿತ್ರ ತೆಗೆದಾಗ ಬೆರಳಿನ ಮೂಳೆಗಳೂ ಉಂಗುರವೂ ಮೂಡಿದವು. ಆದರೆ ಉಂಗುರ ಚಿನ್ನದ್ದೋ ಹಿತ್ತಾಳೆಯದೋ ಎಂದು ಆ ಚಿತ್ರ ನೋಡಿ ಯಾರೂ ಹೇಳಲಾರರು. ತೆಳುವಾದ ಕಬ್ಬಿಣದ ತಗಡೂ ದಪ್ಪನೆಯ ಪುಸ್ತಕದ ಕಟ್ಟೂ ಒಂದೇ ಬಗೆಯ ಬೂದು ನೆರಳು ಕೊಟ್ಟುಬಿಡಬಹುದು.

ಆದ್ದರಿಂದ ಚೀಲವನ್ನು ಎರಡು ಬೇರೆ ಬೇರೆ ಶಕ್ತಿಯ ಕ್ಷ-ಕಿರಣಗಳಲ್ಲಿ ನೋಡುತ್ತಾರೆ. ಭಾರದ ಪರಮಾಣುಗಳು ಕಡಿಮೆ ಶಕ್ತಿಯ ಕಿರಣವನ್ನು ವಿಪರೀತವಾಗಿ ಹೀರುತ್ತವೆ. ಪರಮಾಣು ಸಂಖ್ಯೆ (ಪರಮಾಣುವಿನ ಕೇಂದ್ರದಲ್ಲಿರುವ ಪ್ರೋಟಾನ್‌ಗಳ ಎಣಿಕೆ) ದುಪ್ಪಟ್ಟಾದರೆ ಹೀರಿಕೆ ಎಂಟು ಪಟ್ಟನ್ನೂ ಮೀರುತ್ತದೆ. ಹೆಚ್ಚು ಶಕ್ತಿಯ ಕಿರಣ ಅಷ್ಟು ಭೇದ ಮಾಡುವುದಿಲ್ಲ. ಎರಡು ನೆರಳುಗಳನ್ನು ಹೋಲಿಸಿದರೆ ವಸ್ತು ಎಷ್ಟೇ ದಪ್ಪವಿರಲಿ, ಅದರ ಪರಮಾಣು ಸಂಖ್ಯೆಯ ಅಂದಾಜು ಸಿಗುತ್ತದೆ. ಇಂಗಾಲ, ಜಲಜನಕ, ಆಮ್ಲಜನಕದಂಥ ಹಗುರ ಧಾತುಗಳಿಗೆ ಕಿತ್ತಳೆ, ಅಲ್ಯೂಮಿನಿಯಂನಂಥವಕ್ಕೆ ಹಸಿರು, ಕಬ್ಬಿಣ ಮತ್ತು ತಾಮ್ರಕ್ಕೆ ನೀಲಿ. ಸಾಬೂನು, ಚಾಕೊಲೇಟ್, ಪ್ಲಾಸ್ಟಿಕ್ ಸ್ಫೋಟಕ ಮೂರೂ ಕಿತ್ತಳೆಯೇ! ನಿಮ್ಮ ಚೀಲವನ್ನು ತೆರೆಯಿಸಿದ್ದರೆ ಬಹುಶಃ ಇದೇ ಕಾರಣ.

ಪ್ರಶ್ನೆ: ಕೈ ಮೇಲೆತ್ತಿ ನಿಲ್ಲಿಸುವ ಗಾಜಿನ ಗೂಡಿನಲ್ಲೂ ಎಕ್ಸ್-ರೇ ಇರುತ್ತದೆಯೇ? ಗರ್ಭಿಣಿಯರಿಗೆ ಅಪಾಯವೇ?

ಉತ್ತರ: ಅಂಥ ಗೂಡುಗಳಲ್ಲಿ ಇರುವುದು ಮಿಲಿಮೀಟರ್ ತರಂಗ, ಅಂದರೆ ರೇಡಿಯೋ ತರಂಗದ ಸಂಬಂಧಿ. ಅದು ಬಟ್ಟೆಯನ್ನು ದಾಟಿ ಚರ್ಮಕ್ಕೆ ತಾಗಿ ಹಿಂದಿರುಗುತ್ತದೆ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆಯುವಷ್ಟು ಶಕ್ತಿ ಅದಕ್ಕಿಲ್ಲ, ದೇಹದ ಆಳಕ್ಕೂ ಇಳಿಯುವುದಿಲ್ಲ. ಭಯ ಬೇಡ. ಚದುರಿದ ಕ್ಷ-ಕಿರಣದಿಂದ ಮೈ ನೋಡುವ ಇನ್ನೊಂದು ಬಗೆಯ ಯಂತ್ರವಿತ್ತು. ಮೈಯ ಆಕಾರವನ್ನೆಲ್ಲ ಬಿಚ್ಚಿ ತೋರಿಸುತ್ತದೆ ಎಂಬ ಆಕ್ಷೇಪದ ನಡುವೆ ಅಮೆರಿಕದ ವಿಮಾನ ನಿಲ್ದಾಣಗಳು 2013ರಲ್ಲಿ ಅದನ್ನು ಕೈಬಿಟ್ಟವು.

ಪ್ರಶ್ನೆ: ಮುಚ್ಚಳ ತೆಗೆಯದೆ, ಬಿಳಿ ಪ್ಲಾಸ್ಟಿಕ್ ಬಾಟಲಿಯೊಳಗಿನ ದ್ರವ ಯಾವುದೆಂದು ಲೇಸರ್ ಹೇಳುತ್ತದೆಯಂತೆ. ಬೆಳಕು ಆಚೆ ದಾಟುವುದೇ ಇಲ್ಲವಲ್ಲ?

ಉತ್ತರ: ಕೋಣೆಯನ್ನು ಕತ್ತಲೆ ಮಾಡಿ, ಬಿಳಿ ಮೇಣದಬತ್ತಿಯ ಮಗ್ಗುಲಿಗೆ ಕೆಂಪು ಲೇಸರ್ ಪಾಯಿಂಟರ್ ಹಿಡಿಯಿರಿ (ಕಣ್ಣಿಗೆ ಮಾತ್ರ ಬೀಳದಿರಲಿ). ತಾಗಿದ್ದು ಚುಕ್ಕೆಯಷ್ಟು ಜಾಗಕ್ಕೆ, ಆದರೆ ಸುತ್ತಲ ಮೇಣವೆಲ್ಲ ಕೆಂಪಗೆ ಬೆಳಗುತ್ತದೆ. ಬೆಳಕು ಒಳಗೆ ಹೋಗಿದೆ. ದಾರಿ ತಪ್ಪಿ, ಅಲ್ಲಿ ಇಲ್ಲಿ ಡಿಕ್ಕಿ ಹೊಡೆದು, ಎಲ್ಲೋ ಒಂದು ಕಡೆ ಹೊರಬಂದಿದೆ. ಹೆಚ್ಚು ಆಳಕ್ಕೆ ಇಳಿದ ಬೆಳಕು ಸಾಮಾನ್ಯವಾಗಿ ಹೆಚ್ಚು ದೂರದಲ್ಲಿ ಹೊರಬರುತ್ತದೆ.

ಇದರ ಜೊತೆಗೆ ಬೇಕಾದದ್ದು ರಾಮನ್ ಪರಿಣಾಮ. ಅಣುವಿಗೆ ತಾಗಿದ ಬೆಳಕು ಬಹುಪಾಲು ಬಂದ ಬಣ್ಣದಲ್ಲೇ ಚದುರುತ್ತದೆ. ಸುಮಾರು ಕೋಟಿಗೊಂದು ಫೋಟಾನ್ (ಬೆಳಕಿನ ಕಣ) ಮಾತ್ರ ಅಣುವಿನ ಕಂಪನಕ್ಕೆ ಒಂದಿಷ್ಟು ಶಕ್ತಿ ತೆತ್ತು, ತುಸು ಬಣ್ಣ ಬದಲಿಸಿಕೊಂಡು ಬರುತ್ತದೆ. ಎಷ್ಟು ಬದಲಾಯಿತು ಎಂಬುದು ಆ ಅಣುವಿನ ಬೆರಳಚ್ಚು. ಸಿ.ವಿ. ರಾಮನ್ ಇದನ್ನು 1928ರಲ್ಲಿ ಕಂಡುಹಿಡಿದಾಗ ಲೇಸರ್ ಇರಲೇ ಇಲ್ಲ! ಕೋಟಿಗೊಂದನ್ನು ಆರಿಸುವ ಆ ಕೆಲಸವನ್ನು ನೆನೆದಾಗಲೆಲ್ಲ ನನಗೆ ಬೆರಗು.

ಲೇಸರ್ ಬಿದ್ದ ಜಾಗದಿಂದಲೇ ಬೆಳಕನ್ನು ಸಂಗ್ರಹಿಸಿದರೆ ಪ್ಲಾಸ್ಟಿಕ್ಕಿನ ಬೆರಳಚ್ಚೇ ಎದ್ದು ಕಾಣುತ್ತದೆ. ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿದು ಸಂಗ್ರಹಿಸಿದರೆ ಒಳಗಿನ ದ್ರವದ ಪಾಲು ಹೆಚ್ಚುತ್ತದೆ. ಒಂದರಿಂದ ಇನ್ನೊಂದನ್ನು ತಕ್ಕ ಪ್ರಮಾಣದಲ್ಲಿ ಕಳೆದರೆ ಬಾಟಲಿ ಮಾಯ, ದ್ರವ ಮಾತ್ರ ಉಳಿಯುತ್ತದೆ. 2005ರಲ್ಲಿ ಬ್ರಿಟನ್ನಿನ ರುದರ್‌ಫರ್ಡ್ ಆಪಲ್‌ಟನ್ ಪ್ರಯೋಗಾಲಯದಲ್ಲಿ ಪಾವೆಲ್ ಮಾಟೌಸೆಕ್ ಮತ್ತು ಸಂಗಡಿಗರು ರೂಪಿಸಿದ ಈ ಉಪಾಯ ಕೇಳಲು ಎಷ್ಟು ಸರಳ! ಆದರೆ ಬಾಟಲಿ ಲೋಹದ್ದಾದರೆ ಆಟ ಮುಗಿಯಿತು. ಕಪ್ಪು ಬಾಟಲಿಯೂ ಬೆಳಕನ್ನು ನುಂಗಿ ಬಿಸಿಯಾಗುತ್ತದೆ, ಅಷ್ಟೇ.

ಪ್ರಶ್ನೆ: ಹಾಗಾದರೆ ಸೀಸದ ಪೆಟ್ಟಿಗೆಯೊಳಗಿಟ್ಟರೆ ಯಾವುದನ್ನೂ ಪತ್ತೆಹಚ್ಚಲಾಗುವುದಿಲ್ಲವೇ?

ಉತ್ತರ: ಕ್ಷ-ಕಿರಣಕ್ಕೆ ಸೀಸ ಗೋಡೆ, ನ್ಯೂಟ್ರಾನ್‌ಗೆ ಕಿಟಕಿ. ಪರಮಾಣು ಕೇಂದ್ರದ ಕಣವಾದ ನ್ಯೂಟ್ರಾನ್‌ಗೆ ವಿದ್ಯುದಂಶವಿಲ್ಲ, ಎಲೆಕ್ಟ್ರಾನ್‌ಗಳ ಗುಂಪನ್ನು ಲೆಕ್ಕಿಸದೆ ಸಾಗುತ್ತದೆ. ಅದನ್ನು ತಡೆಯುವುದು ಜಲಜನಕದಂಥ ಹಗುರ ಧಾತು. ಹಾಗಾಗಿ ಸೀಸದ ಪಾತ್ರೆಯೊಳಗಿನ ಹೂವಿನ ಎಸಳುಗಳು ನ್ಯೂಟ್ರಾನ್ ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುತ್ತವೆ. ನ್ಯೂಟ್ರಾನನ್ನು ನುಂಗಿದ ಸಾರಜನಕ 10.8 ಎಂಇವಿ (ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಗಾಮಾ ಕಿರಣ ಹೊರಸೂಸಬಲ್ಲದು. ಬಹಳಷ್ಟು ಸ್ಫೋಟಕಗಳಲ್ಲಿ ಸಾರಜನಕ ಹೆಚ್ಚಿರುವುದರಿಂದ ಅವುಗಳ ಹುಡುಕಾಟದಲ್ಲಿ ಇದೊಂದು ಸುಳಿವು. ಅಲ್ಲದೆ ಸೀಸದ ಪೆಟ್ಟಿಗೆ ಎಕ್ಸ್-ರೇ ಪರದೆಯಲ್ಲಿ ಕಪ್ಪು ಗಟ್ಟಿಯಾಗಿ ಕಂಡರೆ ಸಾಕು, ತೆರೆದು ನೋಡಲು ಅದೇ ಕಾರಣವಾಗುತ್ತದೆ.

ಸೀಸವಲ್ಲ, ಬೆಟ್ಟದಷ್ಟು ಕಲ್ಲೇ ಅಡ್ಡವಿದ್ದರೆ ಮ್ಯೂಯಾನ್ ಇದೆ. ಬಾಹ್ಯಾಕಾಶದ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಈ ಕಣಗಳು ನಿಮಿಷಕ್ಕೆ ಸುಮಾರು ಒಂದರಂತೆ ನಿಮ್ಮ ಉಗುರಿನಷ್ಟು ಜಾಗವನ್ನು ಹಾದುಹೋಗುತ್ತಲೇ ಇವೆ. ಇವನ್ನು ಹುಟ್ಟಿಸಲು ಯಂತ್ರ ಬೇಡ, ಖರ್ಚಿಲ್ಲ, ಎಣಿಸಲು ತಾಳ್ಮೆ ಬೇಕು. ಕಲ್ಲು ಕೆಲವನ್ನು ತಡೆಯುತ್ತದೆ, ಟೊಳ್ಳಿದ್ದ ಕಡೆ ಹೆಚ್ಚು ದಾಟುತ್ತವೆ. ಭೌತವಿಜ್ಞಾನಿ ಲೂಯಿ ಅಲ್ವಾರೆಜ್ ಇವುಗಳಿಂದ ಈಜಿಪ್ಟಿನ ಖಾಫ್ರೆ ಪಿರಮಿಡ್‌ನಲ್ಲಿ ಗುಪ್ತ ಕೋಣೆ ಹುಡುಕಿ, 1970ರಲ್ಲಿ ಪ್ರಕಟಿಸಿದ ಫಲಿತಾಂಶ: ಕೋಣೆ ಇಲ್ಲ. ಹಾಗೆ ಖಚಿತವಾಗಿ ಹೇಳುವುದೂ ಸಾಧನೆಯೇ. ಖುಫು ಪಿರಮಿಡ್‌ನಲ್ಲಿ ಮಾತ್ರ ಮ್ಯೂಯಾನ್‌ಗಳ ಲೆಕ್ಕ ಒಂದು ದಿಕ್ಕಿನಲ್ಲಿ ಹೆಚ್ಚು ಬಂತು. ಕನಿಷ್ಠ 30 ಮೀಟರ್ ಉದ್ದದ ಟೊಳ್ಳೊಂದು ಅಲ್ಲಿದೆಯೆಂದು 2017ರಲ್ಲಿ ವರದಿಯಾಯಿತು. ಅದರೊಳಗೆ ಇಂದಿಗೂ ಯಾರೂ ಇಣುಕಿಲ್ಲ. ಅದೇ ಪಿರಮಿಡ್‌ನ ಉತ್ತರ ಮುಖದ ಹಿಂದಿನ, 9 ಮೀಟರ್ ಉದ್ದದ ಇನ್ನೊಂದು ಓಣಿಯನ್ನು 2023ರಲ್ಲಿ ಕಣ್ಣಾರೆ ಕಂಡದ್ದು ಕಲ್ಲುಗಳ ಸಂದಿಯಲ್ಲಿ ತೂರಿಸಿದ ತೆಳ್ಳನೆಯ ಕ್ಯಾಮೆರಾದಿಂದ. ಎಲ್ಲಿ ತೂರಿಸಬೇಕೆಂದು ಹೇಳಿದ್ದು ಮ್ಯೂಯಾನ್.